ವೇಬಿಲ್ಲಿನ ಹಿಂಬದಿ

ಬರೆದಿಡಿ ಅಂದರು ದೊಡ್ಡಾಸ್ಪತ್ರೆಯ ಡಾಕ್ಟರು,
ಯಾವತ್ತು ಬಂತು, ಎಷ್ಟು ಗಂಟೆಗೆ, ಯಾವ ಕಡೆಯಿಂದ.
ಬರೆಯೋದು ನನಗೇನು ಹೊಸದೇ?
ಹದಿನಾಲ್ಕು ವರ್ಷದಿಂದ ಬರೆಯುತ್ತಲೇ ಇದ್ದೇನೆ,
ಹತ್ತಿದವರು, ಇಳಿದವರು, ಚಿಲ್ಲರೆ ಕೊಡದವರು.
ಹಳೇ ವೇಬಿಲ್ಲಿನ ಹಿಂಬದಿ ಖಾಲಿ ಇತ್ತು.

ಸೋಮವಾರ. ಕಳಸ್ತವಾಡಿ ದಾಟುವಾಗ ಹತ್ತಿತು.
ಎಡಗಣ್ಣಿನ ಮೇಲೆ, ಕಿಟಕಿ ಸೀಟು ಹಿಡಿದವರ ಹಾಗೆ
ಒರಗಿ ಕೂತುಬಿಟ್ಟಿತು.
ಎಲ್ಲಿಗೆ ಅಂತ ಕೇಳಿದೆ.
ಕೊನೇ ಸ್ಟಾಪಿಗೇ ಅಂತ ಕಾಣುತ್ತೆ.

ಬೆಳಿಗ್ಗೆ ಏನು ತಿಂದೆ ಅಂತಲೂ ಬರೆಯಬೇಕಂತೆ.
ಏನೂ ಇಲ್ಲ, ಅಂತ ಬರೆದೆ.
ನಾಲ್ಕೂವರೆಗೆ ಎದ್ದು ಇಡ್ಲಿ ಬೇಯಿಸಿದ್ದು ನಿಜ,
ಎರಡು ಡಬ್ಬಿ ಕಟ್ಟಿದ್ದೂ ನಿಜ, ಮಗಳದ್ದು, ಅವಳಪ್ಪನದ್ದು.
ಡಿಪೋದಲ್ಲಿ ಮಿಷನ್ನು ತಗೊಳ್ಳುವ ಸಾಲಲ್ಲಿ ಒಂದು ಕಾಫಿ,
ಸಬರ್ಬನ್ ಸ್ಟ್ಯಾಂಡಲ್ಲಿ ಇನ್ನೊಂದು,
ಮಂಡ್ಯದಲ್ಲಿ ಮೂರನೆಯದು, ಡ್ರೈವರ್ ಚೆಲುವರಾಜಣ್ಣ ಕೊಡಿಸಿದ್ದು,
ಅದನ್ನೂ ಲೆಕ್ಕಕ್ಕೆ ಹಿಡೀಬೇಕಾ?

ಬುಧವಾರ ಬರಲಿಲ್ಲ, ವಾರದ ರಜೆ.
ಅಲ್ಲ, ಬಂತು, ಸಂಜೆ, ಬೇರೆ ದಾರಿಯಿಂದ;
ಒಂಬತ್ತರವರೆಗೆ ಸತ್ತಂತೆ ಮಲಗಿದ್ದೆ ನೋಡಿ.
ಕಮ್ಮಿ ನಿದ್ದೆಗೂ ಬರುತ್ತಂತೆ, ಜಾಸ್ತಿ ನಿದ್ದೆಗೂ ಬರುತ್ತಂತೆ.
ನಮ್ಮತ್ತೆಯ ಮುನಿಸು ಇದಕ್ಕಿಂತ ವಾಸಿ,
ಅದಕ್ಕೊಂದೇ ಕಾರಣ ಇರುತ್ತಿತ್ತು.

ದೀಪ ಆರಿಸಿದ ಮೇಲೆ ಮೊಬೈಲು, ಒಂದು ಗಂಟೆ.
ಯಾರೋ ಬಾಣಲೆಗೆ ತುಪ್ಪ ಸುರಿಯುವುದನ್ನು
ಯಾಕೆ ನೋಡುತ್ತೇನೋ. ಆ ಹೊತ್ತು ಮಾತ್ರ
ಯಾರೂ ನನ್ನ ಬೆನ್ನು ತಟ್ಟಿ ಚಿಲ್ಲರೆ ಕೇಳುವುದಿಲ್ಲ.

ಗುರುವಾರ. ಗಣಂಗೂರು. ತುರುಬಿನ ಎರಡು ಪಿನ್ನು ಕಿತ್ತೆ,
ಬಾಯಲ್ಲಿ ಕಚ್ಚಿಕೊಂಡೇ ಟಿಕೆಟ್ ಹರಿದೆ.

ಎಲ್ಲ ತಗೊಂಡು ಹೋದೆ. ಡಾಕ್ಟರು ಓದಿದರು,
ಹಾಳೆ ಮಗುಚಿ ಕಲೆಕ್ಷನ್ನನ್ನೂ ಓದಿ ನಕ್ಕರು,
ಆಮೇಲೆ ಕೇಳಿದರು, ನೀರು ಎಷ್ಟು ಕುಡೀತೀರಿ ಪ್ರಭಾಮಣಿ?

ನೀರಿನ ಕಾಲಂ ನಾನು ಹಾಕಿರಲಿಲ್ಲ.

ಬಾಟಲಿ ಇದೆ. ತುಂಬಿದ್ದು ತುಂಬಿದ ಹಾಗೇ
ಮೈಸೂರಿಂದ ಮಂಡ್ಯಕ್ಕೆ, ಮಂಡ್ಯದಿಂದ ಮೈಸೂರಿಗೆ
ಪುಕ್ಕಟೆ ಓಡಾಡುತ್ತದೆ.
ಚೆಲುವರಾಜಣ್ಣ ಒಳ್ಳೆಯವನು. ತೂಬಿನಕೆರೆ ಆಚೆ
ಗಾಡಿ ನಿಲ್ಲಿಸಿ ಕಬ್ಬಿನ ಗದ್ದೆಗೆ ಮುಖ ಮಾಡುತ್ತಾನೆ, ಅರ್ಧ ನಿಮಿಷ,
ಬಂದು ಗಟಗಟ ನೀರು ಕುಡಿಯುತ್ತಾನೆ.
ಅವನಿಗೆ ಕಬ್ಬು ಮರೆ.
ನನಗೆ ಸ್ಟ್ಯಾಂಡೇ ಗತಿ, ಅಲ್ಲಿ ಬಾಗಿಲಿದ್ದರೆ ಚಿಲಕವಿಲ್ಲ,
ಚಿಲಕವಿದ್ದರೆ ಸಾಲು, ಸಾಲು ಕರಗುವಷ್ಟರಲ್ಲಿ ಟೈಮು.

ಹೊರಗೆ ಹೋಗೋ ದಿನ ನೀರು ಕುಡೀಬ್ಯಾಡ ಮಗಾ,
ಗಂಟ್ಲು ತೇವ ಮಾಡ್ಕೊ, ಸಾಕು, ಅನ್ನುತ್ತಿದ್ದಳು ಅವ್ವ,
ಮದುವೆಗೆ, ಸಂತೆಗೆ, ನನ್ನ ಪರೀಕ್ಷೆಗೆ.
ಅವಳ ಹಣೆಗೆ ಯಾವಾಗಲೂ ಒಂದು ಬಟ್ಟೆ ಬಿಗಿದಿರುತ್ತಿತ್ತು.
ಚಳಿಗೆ ಅಂದುಕೊಂಡಿದ್ದೆ.

ಆ ರಾತ್ರಿ ಡಬ್ಬಿ ತೊಳೆಯುವಾಗ
ಮಗಳ ಸ್ಕೂಲ್ ಬಾಟಲಿ ಎತ್ತಿದೆ.
ಬೆಳಿಗ್ಗೆ ಕೊಟ್ಟಾಗ ಎಷ್ಟು ಭಾರವಿತ್ತೋ
ಅಷ್ಟೇ ಭಾರ.

ಮಾರನೇ ದಿನ ಶ್ರೀರಂಗಪಟ್ಟಣದಲ್ಲಿ
ಸೀಟಿ ಊದಿ, ಬ್ಯಾಗನ್ನು ಚೆಲುವರಾಜಣ್ಣನ ಮಡಿಲಿಗಿಟ್ಟು
ಐದು ನಿಮಿಷ ಅಂದೆ.
ಮುಂದಿನ ಸೀಟಿನ ಹೂವಿನ ಬುಟ್ಟಿಯಾಕೆ,
ತಡಿಯವ್ವ ನಾನೂ ಬಂದೆ, ಅಂತ ಹಿಂದೆಯೇ ಇಳಿದಳು.
ಆಮೇಲೆ ಇನ್ನೊಬ್ಬಳು. ಆಮೇಲೆ ಕಾಲೇಜಿನ ಮೂವರು.
ಗಂಡಸರು ವಾಚು ನೋಡಿಕೊಂಡರು.
ಏಳು ನಿಮಿಷ ಲೇಟು. ಬರೆದಿದ್ದೇನೆ, ಮುಂಬದಿಯಲ್ಲೇ.

ಶನಿವಾರ. ಬಂತು, ಅದೇ ಕಳಸ್ತವಾಡಿಯಲ್ಲಿ.
ಆದರೆ ಬಾಬುರಾಯನಕೊಪ್ಪಲಲ್ಲೇ ಇಳಿದುಹೋಯಿತು,
ಚಿಲ್ಲರೆ ಕೇಳದೆ.
ತಿಂಡಿ: ಒಂದೂವರೆ ಇಡ್ಲಿ. ನೀರು: ಬಾಟಲಿ ಅರ್ಧ.
ಕಾಫಿ: ಎರಡು.
ಚೆಲುವರಾಜಣ್ಣ ಕೊಡಿಸಿದ್ದು ಸೇರಿಸಿಲ್ಲ.